ಹಳ್ಳದ ಮೀನೂ ಒಬ್ಬ ಲೆಕ್ಕ ಪರಿಶೋಧಕ

ಗಿರಣಿ, ಕಾರ್ಖಾನೆಗಳು ಹೊರಬಿಡುವ ನೀರಿನ ಬಗ್ಗೆ ಮಾತೆತ್ತಿದರೆ ನಮ್ಮ ವರ್ತಕ ಬಾಂಧವರ ಚರ್ಚೆಯು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಮತ್ತು ಅದರ ನವೀಕರಣದಲ್ಲಿಯೇ ಮುಗಿದುಹೋಗುತ್ತದೆ. ಕಾನೂನು ಮೀನನ್ನೂ ಸಾಕ್ಷಿಯನ್ನಾಗಿ ಕರೆದಿದೆ ಎಂಬ ಸಂಗತಿ ಹಲವರ ಗಮನಕ್ಕೆ ಬಂದಿಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿನ ಸಾಮಾನ್ಯ ಮಾನದಂಡಗಳ ಪ್ರಕಾರ, ಹೊರಬಿಡುವ ನೀರಿಗೆ ಬೇರೆ ನೀರು ಬೆರೆಸದೆ ಅದರಲ್ಲಿ ಮೀನುಗಳನ್ನು ಬಿಟ್ಟಾಗ, 96 ಗಂಟೆಗಳ ನಂತರವೂ ಶೇ. 90ರಷ್ಟು ಮೀನುಗಳು ಬದುಕಿರಬೇಕು.

ಪ್ರಯೋಗಾಲಯದ ವರದಿಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಅದು ಮಾರ್ಚ್ 31ರ ಆಸ್ತಿ-ಹೊಣೆ ತಖ್ತೆಯಿದ್ದಂತೆ. ಬಾಟಲಿ ತುಂಬಿದ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ರಾತ್ರಿ ಹರಿದುಹೋದ ನೀರಿನ ವಿಷಯ ಅದಕ್ಕೆ ತಿಳಿಯದು. ಮೀನಾದರೋ ವರ್ಷವಿಡೀ ಅದೇ ನೀರಿನಲ್ಲಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಅದು ಕುಸಿದಾಗ ಸೂಕ್ಷ್ಮ ಜಾತಿಯ ಮೀನುಗಳು ಮೊದಲು ಕಣ್ಮರೆಯಾಗುತ್ತವೆ. ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಕೊರವ, ಮುರುಗೋಡು ಉಳಿದುಕೊಳ್ಳುತ್ತವೆ. ಆದ್ದರಿಂದ ‘ನಮ್ಮ ಹಳ್ಳದಲ್ಲಿ ಮೀನಿದೆಯಲ್ಲ’ ಎಂಬ ಸಮಾಧಾನ ಸಾಲದು. ಯಾವ ಮೀನಿದೆ ಎಂದು ಕೇಳಬೇಕು. ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲಿ ಇದನ್ನೇ ಅಂಕ ನೀಡುವ ಪದ್ಧತಿಯಾಗಿ ರೂಪಿಸಿದರು. ಜಾತಿಗಳ ಸಂಖ್ಯೆ, ಸೂಕ್ಷ್ಮ ಜಾತಿಗಳ ಪ್ರಮಾಣ, ಹುಣ್ಣು-ರೋಗವಿರುವ ಮೀನುಗಳ ಪ್ರಮಾಣ ಇತ್ಯಾದಿಗಳನ್ನು ಕೂಡಿ ಹೊಳೆಯ ಆರೋಗ್ಯವನ್ನು ಅಳೆಯುವ ವಿಧಾನವದು.

ಇದು ನಮಗೇಕೆ? ಸಿಂಧನೂರಿನ ವ್ಯಾಪಾರ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಮೇಲೆ. ಭತ್ತವನ್ನು ನೆನೆಸಿ ಬೇಯಿಸಿದ ನೀರಿನಲ್ಲಿ ವಿಷವಿಲ್ಲದಿರಬಹುದು. ಆದರೆ ಅದರಲ್ಲಿನ ಸಾವಯವ ಅಂಶ ಕೊಳೆಯುವಾಗ ಹಳ್ಳದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಗದ್ದೆಯ ಬಸಿನೀರಿನೊಡನೆ ಬರುವ ಕೀಟನಾಶಕದ ಮಾತು ಬೇರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದ ಎಂಡೋಸಲ್ಫಾನ್ ಮೀನಿಗೆ ಅತಿ ಘೋರ ವಿಷವಾಗಿತ್ತು. ಇಂದಿಗೂ ಮಾರಾಟವಾಗುವ ಪೈರೆಥ್ರಾಯ್ಡ್ ಔಷಧಿಗಳೂ ಆ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಸಯನೈಡ್ ಬಳಸುತ್ತಾರೆ. ಅಲ್ಲಿ ಏನೋ ಆಗಿದೆ ಎಂದು ನಾನು ಹೇಳುತ್ತಿಲ್ಲ. 2000ದ ಜನವರಿಯಲ್ಲಿ ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ಗಣಿತ್ಯಾಜ್ಯದ ಕಟ್ಟೆಯೊಡೆದು ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತದ್ದನ್ನು ನೆನಪಿಸಿದರೆ ಸಾಕು. ನಮ್ಮದೇ ತುಂಗಭದ್ರೆಯಲ್ಲಿ, ಹರಿಹರದ ಆಸುಪಾಸಿನಲ್ಲಿ, 1980ರ ದಶಕದಲ್ಲಿ ಮಾಲಿನ್ಯದ ವಿರುದ್ಧ ನಡೆದ ಹೋರಾಟದಲ್ಲಿ ಸತ್ತು ತೇಲಿದ ಮೀನುಗಳೇ ಜನರ ಮೊದಲ ಪುರಾವೆಯಾಗಿದ್ದವು.

‘ಊರ ಚರಂಡಿಯೂ ಅದೇ ಹಳ್ಳಕ್ಕೆ ಸೇರುತ್ತದೆ, ಹೊಣೆ ಮಾತ್ರ ನಮ್ಮ ತಲೆಗೇ’ ಎಂಬುದು ಗಿರಣಿ ಮಾಲೀಕರ ದೂರು. ಅದು ನ್ಯಾಯವಾದದ್ದೇ. ಕೇಡು ಆಗಿದೆ ಎಂದು ಮೀನು ಹೇಳಬಲ್ಲುದು, ಮಾಡಿದವರು ಯಾರೆಂದು ಹೇಳಲಾರದು. ಹಾಗೆಂದೇ ನಾನು ದಾಖಲೆಯ ಮಾತಾಡುತ್ತಿದ್ದೇನೆ. ಹೊರಗಂಡಿಯ ಮೇಲ್ಭಾಗ ಮತ್ತು ಕೆಳಭಾಗ, ಎರಡೂ ಕಡೆಯ ಮೀನಿನ ಎಣಿಕೆ ಕಡತದಲ್ಲಿದ್ದರೆ, ಮಂಡಳಿಯ ನೋಟಿಸು ಬಂದಾಗ ನಿರಪರಾಧಿ ಗಿರಣಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಬೇರೊಂದಿಲ್ಲ. ದಾಖಲೆಯಿಲ್ಲದವನು ನ್ಯಾಯಾಲಯದಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಒಂದು ಮಾತು. ಕಾನೂನು ಮೀರಿ ಪರಿಸರಕ್ಕೆ ಮಾಡಿದ ಹಾನಿಯ ದಂಡ ಮತ್ತು ಶುದ್ಧೀಕರಣ ವೆಚ್ಚಕ್ಕೆ ಹಣ ಕಾದಿರಿಸಬೇಕೆಂದು ಲೆಕ್ಕಪತ್ರ ಮಾನದಂಡ 29 ಉದಾಹರಣೆ ಸಹಿತ ಹೇಳುತ್ತದೆ. ಇಂಥ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಶುದ್ಧೀಕರಣ ಘಟಕ ನಡೆಸುವ ಖರ್ಚಿಗೆ ಆ ತೊಡಕಿಲ್ಲ.

ನಮ್ಮ ಸಂಸ್ಥೆ ಕೈಗೊಳ್ಳಬಹುದಾದ ಕೆಲಸ ದೊಡ್ಡದೇನಲ್ಲ. ಸ್ಥಳೀಯ ಮೀನುಗಾರರಿಗೆ ದಿನಗೂಲಿ ಕೊಟ್ಟು, ಒಬ್ಬ ಪ್ರಾಣಿಶಾಸ್ತ್ರ ಅಧ್ಯಾಪಕರ ನೆರವಿನಿಂದ ಸಿಂಧನೂರು, ಮಸ್ಕಿ ಹಳ್ಳಗಳಲ್ಲಿ ಗೊತ್ತಾದ ಜಾಗಗಳಲ್ಲಿ ಬಲೆ ಬೀಸಿ, ಸಿಕ್ಕ ಜಾತಿಗಳನ್ನು ಬರೆದಿಡಬೇಕು. ಬಿತ್ತನೆ ಮಾಡಿದ ಕಾಟ್ಲಾ, ರೋಹುಗಳನ್ನು ಎಣಿಕೆಯಿಂದ ಬಿಡಬೇಕು. ಬೇಸಿಗೆಯಲ್ಲಿ ಕಾಲುವೆ ನಿಂತು ಹಳ್ಳ ಬತ್ತಿದಾಗ ಮೀನು ಕಡಿಮೆಯಾಗುವುದು ಸಹಜ. ಆದ್ದರಿಂದ ಒಂದು ವರ್ಷದ ನವೆಂಬರನ್ನು ಮುಂದಿನ ನವೆಂಬರಿನೊಡನೆಯೇ ಹೋಲಿಸಬೇಕು. ಕಾಲುವೆಗೆ ನೀರು ಬಿಟ್ಟು ಎರಡು ತಿಂಗಳಾದ ಮೇಲೆ ಮೊದಲ ಎಣಿಕೆ ನಡೆಸಿದರೆ ಅನುಕೂಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಕಲಾಪ ಪಟ್ಟಿಗೆ ಬರಲಿ.