ಹಳೆಯ ಕ್ಯಾಮೆರಾ, ಹೊಸ ಕ್ಯಾಮೆರಾ, ಅದೇ ಬೆಳಕು

ಮಗನಿಗೋ ಮಗಳಿಗೋ ಛಾಯಾಗ್ರಹಣದ ಹುಚ್ಚು ಹತ್ತಿತೆಂದರೆ ಮನೆಯಲ್ಲಿ ಮೊದಲು ಕೇಳಿಬರುವ ಪದ ‘ಮೆಗಾಪಿಕ್ಸೆಲ್’. ಪರಿಚಯದವರು ಯಾರೋ ತಮ್ಮ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಕಡಿಮೆ ಬೆಲೆಗೆ ಕೊಡಲು ಸಿದ್ಧರಿರುತ್ತಾರೆ. ‘ಅದು ಬರೀ 6 ಮೆಗಾಪಿಕ್ಸೆಲ್, ಹೊಸದರಲ್ಲಿ 24 ಇದೆ’ ಎಂದು ಮಕ್ಕಳು ಮೂಗು ಮುರಿಯುತ್ತಾರೆ. 24 ಎಂದರೆ 6ರ ನಾಲ್ಕು ಪಟ್ಟು ತಾನೆ? ಹಾಗಾದರೆ ಚಿತ್ರವೂ ನಾಲ್ಕು ಪಟ್ಟು ಚೆನ್ನಾಗಿರಬೇಕು! ಈ ಲೆಕ್ಕವನ್ನು ನಂಬಿ ತಂದೆ ತಾಯಿ ತಿಂಗಳುಗಟ್ಟಲೆ ಕಂತು ಕಟ್ಟಲು ಹೊರಡುತ್ತಾರೆ. ಗುಣಾಕಾರವೇನೋ ಸರಿಯಾಗಿದೆ. ಆದರೆ ತೀರ್ಮಾನ ಸರಿಯೇ?

ಇದನ್ನು ಪರೀಕ್ಷಿಸಲು ಒಂದೇ ಕಂಪನಿಯ, ಒಂದೇ ದರ್ಜೆಯ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಜಪಾನಿನ ಕ್ಯಾನನ್ ಕಂಪನಿ 2003ರಲ್ಲಿ ‘ಇಒಎಸ್ 300ಡಿ’ ಎಂಬ ಕ್ಯಾಮೆರಾವನ್ನು ಹೊರತಂದಿತು. ಅಮೆರಿಕದಲ್ಲಿ ಲೆನ್ಸ್ ಇಲ್ಲದೆ ಅದರ ಬೆಲೆ 899 ಡಾಲರ್. ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸಿಕ್ಕ ಮೊದಲ ಡಿಎಸ್‌ಎಲ್‌ಆರ್ ಅದು. ಶ್ರೀಮಂತರ ಮತ್ತು ವೃತ್ತಿನಿರತರ ಕೈಯಲ್ಲಿದ್ದ ಸಾಧನ ಹವ್ಯಾಸಿಗಳ ಕೈಗೂ ಎಟುಕಿದ್ದು ಹಾಗೆ. ಅದೇ ದರ್ಜೆಯ ಹೊಸ ಕ್ಯಾಮೆರಾ 2019ರಲ್ಲಿ ಬಂತು. ಭಾರತದಲ್ಲಿ ಅದರ ಹೆಸರು ‘ಇಒಎಸ್ 200ಡಿ ಮಾರ್ಕ್ 2’. ಇವೆರಡರ ನಡುವೆ 16 ವರ್ಷಗಳ ಅಂತರವಿದೆ.

ಮೊದಲು, ಬದಲಾಗದೆ ಉಳಿದದ್ದನ್ನು ನೋಡೋಣ. ಎರಡರಲ್ಲೂ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಒಂದು ಕನ್ನಡಿ ಇದೆ. ಅದು ಬೆಳಕನ್ನು ಮೇಲಕ್ಕೆ ಹೊರಳಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಹಿಂದಿರುವ ಸೆನ್ಸರ್ ಮೇಲೆ ಬೀಳುತ್ತದೆ. ಎರಡರಲ್ಲೂ ಶಟರಿನ ಅತಿ ಹೆಚ್ಚಿನ ವೇಗ ಸೆಕೆಂಡಿನ 4000ನೇ ಒಂದು ಭಾಗ. ಬಣ್ಣ ಗುರುತಿಸಲು ಎರಡೂ ಬಳಸುವುದು ಅಮೆರಿಕದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿಧಾನವನ್ನೇ. ಸೆನ್ಸರಿನ ಕಾಲುಭಾಗ ಪಿಕ್ಸೆಲ್‌ಗಳ ಮೇಲೆ ಕೆಂಪು, ಕಾಲುಭಾಗದ ಮೇಲೆ ನೀಲಿ, ಉಳಿದ ಅರ್ಧದ ಮೇಲೆ ಹಸಿರು ಶೋಧಕ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಹಳೆಯ ಕ್ಯಾಮೆರಾದ ಲೆನ್ಸನ್ನು ತೆಗೆದು ಹೊಸದಕ್ಕೆ ಸಿಕ್ಕಿಸಿದರೆ ಅದು ಕೆಲಸ ಮಾಡುತ್ತದೆ.

ಇನ್ನು ಬದಲಾದದ್ದು. ಹಳೆಯ ಸೆನ್ಸರಿನ ಅಳತೆ 22.7 x 15.1 ಮಿಲಿಮೀಟರ್. ಹೊಸದರದ್ದು 22.3 x 14.9 ಮಿಲಿಮೀಟರ್. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ, ಒಂದು ಅಂಚೆಚೀಟಿಯಷ್ಟು. ಆದರೆ ಹಳೆಯದರಲ್ಲಿ ಅಡ್ಡಕ್ಕೆ 3072, ಉದ್ದಕ್ಕೆ 2048 ಪಿಕ್ಸೆಲ್‌ಗಳಿದ್ದರೆ ಹೊಸದರಲ್ಲಿ 6000 ಮತ್ತು 4000 ಇವೆ. ಗುಣಿಸಿದರೆ 63 ಲಕ್ಷ ಮತ್ತು 2 ಕೋಟಿ 40 ಲಕ್ಷ. ಈಗ ಅಗಲವನ್ನು ಪಿಕ್ಸೆಲ್‌ಗಳ ಸಂಖ್ಯೆಯಿಂದ ಭಾಗಿಸಿ. ಹಳೆಯ ಪಿಕ್ಸೆಲಿನ ಅಗಲ ಸುಮಾರು 7.4 ಮೈಕ್ರಾನ್, ಹೊಸದರದ್ದು 3.7 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬಾಹು ಅರ್ಧವಾದರೆ ಚೌಕದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಆದ್ದರಿಂದ ಒಂದು ಹಳೆಯ ಪಿಕ್ಸೆಲಿನ ಜಾಗದಲ್ಲಿ ನಾಲ್ಕು ಹೊಸ ಪಿಕ್ಸೆಲ್‌ಗಳು ಕುಳಿತಿವೆ.

ಇಲ್ಲಿಂದ ಎರಡು ಮಾತು ಹೊರಡುತ್ತವೆ. ಒಂದನೆಯದು, ನಾಲ್ಕು ಪಟ್ಟು ಪಿಕ್ಸೆಲ್ ಎಂದರೆ ನಾಲ್ಕು ಪಟ್ಟು ಸೂಕ್ಷ್ಮ ವಿವರವಲ್ಲ. ಪ್ರತಿ ದಿಕ್ಕಿನಲ್ಲಿ ಎರಡು ಪಟ್ಟು ಮಾತ್ರ. ಅದೂ ಲೆನ್ಸ್ ಅಷ್ಟು ಚೊಕ್ಕವಾಗಿದ್ದರೆ, ಕೈ ಅಲುಗದಿದ್ದರೆ. ಒಂದು ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ ಮುದ್ರಿಸಿದರೆ ಹಳೆಯ ಕ್ಯಾಮೆರಾದ ಚಿತ್ರ ಸುಮಾರು 10 x 7 ಅಂಗುಲ ಬರುತ್ತದೆ. ಹೊಸದು 20 x 13 ಅಂಗುಲ. ಮನೆಯ ಆಲ್ಬಮ್ಮಿನ 6 x 4 ಅಂಗುಲದ ಚಿತ್ರಕ್ಕೆ ಹಳೆಯದೇ ಧಾರಾಳ.

ಎರಡನೆಯ ಮಾತು ಸ್ವಲ್ಪ ವಿಚಿತ್ರವಾದದ್ದು. ಪುಟ್ಟ ಪಿಕ್ಸೆಲಿಗೆ ಬೀಳುವ ಬೆಳಕು ಕಾಲುಭಾಗ ಮಾತ್ರ. ಹಾಗಿದ್ದರೆ ಮಬ್ಬುಬೆಳಕಿನಲ್ಲಿ ಹೊಸ ಕ್ಯಾಮೆರಾ ಸೋಲಬೇಕಿತ್ತು. ಆದರೆ ಸಂಜೆಯ ಹೊತ್ತು, ಶಾಲಾ ವಾರ್ಷಿಕೋತ್ಸವದ ವೇದಿಕೆಯಂಥ ಕಡೆ ಗೆಲ್ಲುವುದು ಹೊಸದೇ. ಯಾಕೆ?

ಮಳೆಗಾಲದಲ್ಲಿ ಅಂಗಳದ ತುಂಬ ಪಾತ್ರೆಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಊಹಿಸಿಕೊಳ್ಳಿ. ದೊಡ್ಡ ಪಾತ್ರೆಗಳನ್ನಿಟ್ಟರೂ ಅಷ್ಟೇ, ಚಿಕ್ಕ ಲೋಟಗಳನ್ನಿಟ್ಟರೂ ಅಷ್ಟೇ, ಅಂಗಳಕ್ಕೆ ಬೀಳುವ ಮಳೆ ಒಂದೇ. ನಾಲ್ಕು ಲೋಟಗಳ ನೀರನ್ನು ಸೇರಿಸಿದರೆ ಒಂದು ಪಾತ್ರೆಯ ನೀರಾಯಿತು. ಚಿತ್ರವನ್ನು ಒಂದೇ ಗಾತ್ರಕ್ಕೆ ಮುದ್ರಿಸಿ ನೋಡುವಾಗ ಆಗುವುದೂ ಇದೇ. ಆದ್ದರಿಂದ ಚಿತ್ರದ ಗುಣವನ್ನು ನಿರ್ಧರಿಸುವುದರಲ್ಲಿ ಪಾತ್ರೆಗಳ ಸಂಖ್ಯೆಗಿಂತ ಅಂಗಳದ ವಿಸ್ತೀರ್ಣ ದೊಡ್ಡದು. ಎರಡು ಕ್ಯಾಮೆರಾಗಳ ಅಂಗಳ ಒಂದೇ ಅಳತೆಯದೆಂಬುದನ್ನು ಆಗಲೇ ಕಂಡೆವು.

ಆದರೆ ಈ ಹೋಲಿಕೆಯಲ್ಲಿ ಎರಡು ತೊಡಕುಗಳಿವೆ. ಪಾತ್ರೆಗಳ ನಡುವಿನ ಸಂದಿಯಲ್ಲಿ ಬಿದ್ದ ನೀರು ವ್ಯರ್ಥ. ಸೆನ್ಸರಿನಲ್ಲಿ ಈ ಸಂದಿಗಳೆಂದರೆ ತಂತಿ ಮತ್ತು ಸರ್ಕಿಟ್‌ಗಳಿರುವ ಜಾಗ. ಪ್ರತಿ ಪಿಕ್ಸೆಲಿನ ತಲೆಯ ಮೇಲೆ ಒಂದು ಸೂಕ್ಷ್ಮ ಮಸೂರವಿರುತ್ತದೆ. ಅದು ಆಲಿಕೆಯಂತೆ ಬೆಳಕನ್ನು ಒಳಗೆ ಸೇರಿಸುತ್ತದೆ. ವರ್ಷಗಳು ಕಳೆದಂತೆ ಈ ಆಲಿಕೆಗಳು ಒಂದಕ್ಕೊಂದು ತಾಗುವಷ್ಟು ಅಗಲವಾದವು, ಪೋಲಾಗುತ್ತಿದ್ದ ಬೆಳಕು ಕಡಿಮೆಯಾಯಿತು. ಎರಡನೆಯ ತೊಡಕು ಅಳೆಯುವುದರಲ್ಲಿದೆ. ಪ್ರತಿ ಸಲ ಅಳೆಯುವಾಗಲೂ ಒಂದಿಷ್ಟು ದೋಷ ಸೇರುತ್ತದೆ. ದೊಡ್ಡ ಪಾತ್ರೆಯನ್ನು ಒಮ್ಮೆ ಅಳೆಯುವ ಕಡೆ ನಾಲ್ಕು ಲೋಟಗಳನ್ನು ನಾಲ್ಕು ಬಾರಿ ಅಳೆಯಬೇಕು. 2003ರಲ್ಲಿ ಪಿಕ್ಸೆಲ್ ಹೆಚ್ಚಿಸಿದ್ದರೆ ಈ ದೋಷವೇ ಮೇಲುಗೈ ಪಡೆಯುತ್ತಿತ್ತು. ಅಳೆಯುವ ಸರ್ಕಿಟ್‌ಗಳು ಸುಧಾರಿಸಿದ ಮೇಲೆ ಚಿಕ್ಕ ಲೋಟಗಳನ್ನೂ ಧೈರ್ಯವಾಗಿ ಬಳಸಲು ಸಾಧ್ಯವಾಯಿತು. ಹಳೆಯ ಕ್ಯಾಮೆರಾ ಬೆಳಕನ್ನು 4096 ಮೆಟ್ಟಿಲುಗಳಲ್ಲಿ ಅಳೆದರೆ ಹೊಸದು 16,384 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಹದಿನಾರು ವರ್ಷಗಳ ನಿಜವಾದ ಸಾಧನೆ ಇರುವುದು ಇಲ್ಲಿ. ಜಾಹೀರಾತಿನಲ್ಲಿ ಇದರ ಸುದ್ದಿ ಅಪರೂಪ.

ಹಾಗೆಂದು ಈ ಸಾಧನೆಗೆ ಮಿತಿ ಇಲ್ಲದಿಲ್ಲ. ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ ಬರುತ್ತದೆ, ಮಳೆಹನಿಗಳಂತೆ ಹೆಚ್ಚುಕಡಿಮೆಯಾಗಿ ಬೀಳುತ್ತದೆ. ಸರಾಸರಿ 10,000 ಫೋಟಾನ್ ಬೀಳುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100. ಶೇಕಡಾ 1 ಮಾತ್ರ, ಕಣ್ಣಿಗೆ ಕಾಣದು. ಬರೀ 100 ಫೋಟಾನ್ ಬೀಳುವ ಕತ್ತಲಲ್ಲಿ ಏರುಪೇರು 10, ಅಂದರೆ ಶೇಕಡಾ 10. ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಚುಕ್ಕೆಗಳು ಇವೇ. ಐಎಸ್‌ಒ ಸಂಖ್ಯೆಯನ್ನು ಹೆಚ್ಚಿಸಿದರೆ ಚಿತ್ರ ಬೆಳ್ಳಗಾಗುತ್ತದೆಯೇ ಹೊರತು ಬೀಳುವ ಬೆಳಕು ಹೆಚ್ಚುವುದಿಲ್ಲ. ಹಳೆಯ ಕ್ಯಾಮೆರಾದಲ್ಲಿ ಈ ಸಂಖ್ಯೆ 1600ರವರೆಗೆ, ಹೊಸದರಲ್ಲಿ 25,600ರವರೆಗೆ ಹೋಗುತ್ತದೆ. ಆದರೆ ಬಿದ್ದ ಬೆಳಕಿಗಿಂತ ಹೆಚ್ಚು ಬೆಳಕನ್ನು ಯಾವ ಸೆನ್ಸರೂ ಎಣಿಸಲಾರದು.

ಮನೆಯಲ್ಲೇ ಮಾಡಿ ನೋಡಿ

ಹಳೆಯ ಬಟ್ಟೆಯೊಂದರ ಮೇಲೆ ಸೀಮೆಸುಣ್ಣದಿಂದ ಚದುರಂಗದ ಹಾಸಿನಂತೆ 8 x 8 ಚೌಕಗಳನ್ನು ಬರೆಯಿರಿ. ಒಂದು ದೊಡ್ಡ ಚಮಚ ಅಕ್ಕಿಯನ್ನು ತುಸು ಎತ್ತರದಿಂದ, ಕೈಯಾಡಿಸುತ್ತ, ಎಲ್ಲ ಕಡೆ ಸಮನಾಗಿ ಬೀಳುವಂತೆ ಉದುರಿಸಿ. ಪ್ರತಿ ಚೌಕದ ಕಾಳುಗಳನ್ನು ಎಣಿಸಿ ಬರೆದುಕೊಳ್ಳಿ. ಎಷ್ಟೇ ಜಾಗ್ರತೆಯಿಂದ ಉದುರಿಸಿದರೂ ಒಂದರಲ್ಲಿ 7, ಪಕ್ಕದ್ದರಲ್ಲಿ 13 ಎಂಬಂತೆ ವ್ಯತ್ಯಾಸ ಕಾಣುತ್ತದೆ. ಈಗ ನಾಲ್ಕು ನಾಲ್ಕು ಚೌಕಗಳನ್ನು ಸೇರಿಸಿ 16 ದೊಡ್ಡ ಚೌಕಗಳ ಲೆಕ್ಕ ಮಾಡಿ. ಸರಾಸರಿಗೆ ಹೋಲಿಸಿದರೆ ಏರುಪೇರಿನ ಶೇಕಡಾವಾರು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. 48 ಮೆಗಾಪಿಕ್ಸೆಲ್ ಎಂದು ಮಾರುವ ಅನೇಕ ಮೊಬೈಲ್ ಫೋನುಗಳು ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುವುದು ಈ ಕಾರಣಕ್ಕೆ. ಅವುಗಳ ಅಂಗಳ ಬಹಳ ಚಿಕ್ಕದು, ಅದಕ್ಕೇ ನಾಲ್ಕು ನಾಲ್ಕು ಲೋಟಗಳನ್ನು ಕೂಡಿಸಿಕೊಳ್ಳುತ್ತವೆ.

ಹಾಗಾದರೆ ಮಬ್ಬಿನಲ್ಲಿ ಹೆಚ್ಚು ಬೆಳಕು ತರುವವರು ಯಾರು? ಲೆನ್ಸ್. ಈ ಕ್ಯಾಮೆರಾಗಳ ಜೊತೆ ಬರುವ 18-55 ಮಿ.ಮೀ. ಲೆನ್ಸನ್ನು 55ಕ್ಕೆ ಎಳೆದಾಗ ಅದರ ದ್ಯುತಿರಂಧ್ರದ ಸಂಖ್ಯೆ ಎಫ್/5.6. ಇದೇ ಕಂಪನಿ 1990ರಲ್ಲಿ ತಂದ 50 ಮಿ.ಮೀ. ಲೆನ್ಸ್ ಒಂದರದ್ದು ಎಫ್/1.8. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7 ಬರುತ್ತದೆ. ಅಂದರೆ ಆ ಹಳೆಯ ಲೆನ್ಸ್ ಸೆನ್ಸರಿನ ಮೇಲೆ ಬೀಳಿಸುವ ಬೆಳಕು ಒಂಬತ್ತು ಪಟ್ಟಿಗಿಂತಲೂ ಹೆಚ್ಚು. ಅದು ಎರಡು ಕ್ಯಾಮೆರಾಗಳಿಗೂ ಹೊಂದುತ್ತದೆ.

ಹೊಸದರ ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ಹಳೆಯದು ಸೆಕೆಂಡಿಗೆ 2.5ರಂತೆ ನಾಲ್ಕು ಚಿತ್ರ ತೆಗೆದು ದಣಿವಾರಿಸಿಕೊಳ್ಳುತ್ತದೆ. ಹೊಸದು ಸೆಕೆಂಡಿಗೆ 5 ಚಿತ್ರ ತೆಗೆಯುತ್ತದೆ. ಓಟದ ಸ್ಪರ್ಧೆ, ಹಾರುವ ಹಕ್ಕಿಗೆ ಇದು ಬೇಕು. ಹಳೆಯದರ ಪರದೆ 1.8 ಅಂಗುಲ, ಹೊಸದರದ್ದು 3 ಅಂಗುಲ. ಹಳೆಯದರಲ್ಲಿ ವಿಡಿಯೊ ಇಲ್ಲವೇ ಇಲ್ಲ. ಹಳೆಯದು ಬ್ಯಾಟರಿ ಬಿಟ್ಟೇ 560 ಗ್ರಾಂ ತೂಗಿದರೆ ಹೊಸದು ಬ್ಯಾಟರಿ, ಕಾರ್ಡ್ ಸೇರಿ 449 ಗ್ರಾಂ. ಹಳೆಯದನ್ನು ಕೊಳ್ಳುವವರು ಬ್ಯಾಟರಿ ಚಾರ್ಜ್ ಹಿಡಿಯುತ್ತದೆಯೇ, ಅದು ಬಳಸುವ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಮತ್ತು ಅದನ್ನು ಓದುವ ಸಾಧನ ಜೊತೆಗಿವೆಯೇ, ಶಟರ್ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಲೇಬೇಕು. ಹೊಸದೆಂಬುದು ಕೂಡ ಹೊಸದಾಗಿ ಉಳಿಯುವುದಿಲ್ಲ. 2018ರಲ್ಲಿ ಇದೇ ಕಂಪನಿ ಕನ್ನಡಿಯೇ ಇಲ್ಲದ ‘ಇಒಎಸ್ ಆರ್’ ಕ್ಯಾಮೆರಾವನ್ನು ತಂದಿತು. ಹಳೆಯ ಲೆನ್ಸ್‌ಗಳನ್ನು ಅದಕ್ಕೂ ಅಡಾಪ್ಟರ್ ಮೂಲಕ ಜೋಡಿಸಬಹುದು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ತಂದೆ ತಾಯಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದಲ್ಲ, ‘ಏನು ತೆಗೆಯಬೇಕೆಂದಿದ್ದೀಯ?’ ಎಂಬುದು. ವಿಡಿಯೊ, ಆಟೋಟ, ಗೋಡೆಯಗಲದ ಚಿತ್ರ ಎಂಬ ಉತ್ತರ ಬಂದರೆ ಹೊಸದಕ್ಕೆ ಖರ್ಚು ಮಾಡುವುದರಲ್ಲಿ ಅರ್ಥವಿದೆ. ಶಟರ್, ಕಿಂಡಿ, ಬೆಳಕು ಈ ಮೂರರ ಸಂಬಂಧ ಕಲಿಯಬೇಕೆಂದರೆ ಸುಸ್ಥಿತಿಯಲ್ಲಿರುವ 6 ಮೆಗಾಪಿಕ್ಸೆಲಿನ ಕ್ಯಾಮೆರಾ ಸಾಕು. ಉಳಿದ ಹಣ ಒಂದು ಒಳ್ಳೆಯ ಲೆನ್ಸಿಗೆ ಹೋಗಲಿ. ಮುಂದೆ ಕ್ಯಾಮೆರಾ ಬದಲಾದಾಗ ಆ ಲೆನ್ಸೂ ಜೊತೆಗೆ ಬರುತ್ತದೆ, ಕಲಿತ ವಿದ್ಯೆಯೂ ಬರುತ್ತದೆ.