ಗರ್ಭಕಂಠದ ಕ್ಯಾನ್ಸರ್: ಪತ್ತೆ ವಿಧಾನಗಳಲ್ಲಿ ಆಗುತ್ತಿರುವ ಬದಲಾವಣೆ

ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಪ್ರಕರಣಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಾಣುವಿನ (ಎಚ್.ಪಿ.ವಿ.) ದೀರ್ಘಕಾಲದ ಸೋಂಕು ಕಾರಣವಾಗಿರುತ್ತದೆ. ಸೋಂಕು ಕ್ಯಾನ್ಸರ್ ಆಗಿ ಪರಿಣಮಿಸಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ಪೂರ್ವಭಾವಿ ಬದಲಾವಣೆಗಳನ್ನು ಪತ್ತೆ ಹಚ್ಚಿದಲ್ಲಿ ರೋಗವನ್ನು ತಡೆಗಟ್ಟಬಹುದಾಗಿದೆ.

ಪತ್ತೆ ವಿಧಾನಗಳು

1. ಅಸಿಟಿಕ್ ಆಮ್ಲ ಪರೀಕ್ಷೆ (ವಿ.ಐ.ಎ.): ಆಮ್ಲ ಲೇಪಿಸಿ ಬರಿಗಣ್ಣಿನಿಂದ ಪರಿಶೀಲಿಸಲಾಗುತ್ತದೆ. ಪ್ರಯೋಗಾಲಯದ ಅಗತ್ಯವಿಲ್ಲ, ಫಲಿತಾಂಶ ಕೂಡಲೇ ದೊರೆಯುತ್ತದೆ.
2. ಪ್ಯಾಪ್ ಸ್ಮಿಯರ್: ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಇದಕ್ಕೆ ನುರಿತ ತಜ್ಞರು ಅವಶ್ಯಕ.
3. ಎಚ್.ಪಿ.ವಿ. ಡಿ.ಎನ್.ಎ. ಪರೀಕ್ಷೆ: ಅಪಾಯಕಾರಿ ವೈರಾಣುವಿನ ವಂಶವಾಹಿಯನ್ನೇ ಗುರುತಿಸಲಾಗುತ್ತದೆ. ಮಾದರಿಯನ್ನು ಮಹಿಳೆಯೇ ಸಂಗ್ರಹಿಸಿಕೊಡಬಹುದು.

ವಿಶ್ಲೇಷಣೆ

ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಸುಮಾರು 1.31 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನದ ವರದಿಯು 2009ರಲ್ಲಿ ಪ್ರಕಟವಾಯಿತು. ಒಂದೇ ಬಾರಿ ಎಚ್.ಪಿ.ವಿ. ಪರೀಕ್ಷೆಗೊಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾಗುವ ಮರಣ ಸುಮಾರು ಅರ್ಧದಷ್ಟು ಇಳಿಯಿತು. ಉಳಿದೆರಡು ವಿಧಾನಗಳ ಗುಂಪುಗಳಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಡಿ.ಎನ್.ಎ. ಪರೀಕ್ಷೆಯನ್ನೇ ಪ್ರಥಮ ತಪಾಸಣೆಯಾಗಿ ಶಿಫಾರಸು ಮಾಡಿತು. ಆದರೆ ಇದಕ್ಕೆ ಸುಸಜ್ಜಿತ ಪ್ರಯೋಗಾಲಯ ಹಾಗೂ ಹೆಚ್ಚಿನ ವೆಚ್ಚ ಬೇಕಾಗುವುದರಿಂದ, ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿ.ಐ.ಎ. ಪರೀಕ್ಷೆಯನ್ನು ಸೂಚಿಸಿತು.

ಸಾರ್ವಜನಿಕರ ಗಮನಕ್ಕೆ

ಎಚ್.ಪಿ.ವಿ. ಇದೆಯೆಂಬ ವರದಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಬಹುಪಾಲು ಸೋಂಕುಗಳು ತಾವಾಗಿಯೇ ನಿವಾರಣೆಯಾಗುತ್ತವೆ. ಆದಾಗ್ಯೂ ಮುಂದಿನ ಪರೀಕ್ಷೆಗೆ ತಪ್ಪದೇ ಹಾಜರಾಗತಕ್ಕದ್ದು. ಡಿ.ಎನ್.ಎ. ಪರೀಕ್ಷೆ ಲಭ್ಯವಿಲ್ಲವೆಂದು ತಪಾಸಣೆಯನ್ನು ಮುಂದೂಡದೆ, ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ದೊರೆಯುವ ವಿಧಾನದಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳಲು ಕೋರಲಾಗಿದೆ.