ಕುಡಿದು ಗಾಡಿ ನಡೆಸಿದವನಿಗೂ ವಕೀಲನೇ?

ಕುಡಿದು ಗಾಡಿ ನಡೆಸಿದವನ ಪರವಾಗಿ ವಕೀಲನು ಕೋರ್ಟಿನಲ್ಲಿ ನಿಲ್ಲುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ನಡೆಯಿತು. ಬಹುಮತವು ತಪ್ಪೆಂಬ ಕಡೆಗೇ ಇತ್ತು. “ಕುಡಿದದ್ದು ಖರೆ, ಸಿಕ್ಕದ್ದೂ ಖರೆ, ಇನ್ನ ವಾದ ಎಲ್ಲಿದು?” ಎಂದು ಯಲಬುರ್ಗಾ ಕಡೆಯ ಗೆಳೆಯನೊಬ್ಬನು ಕೇಳಿದನು. ಚಪ್ಪಾಳೆಯೂ ಅವನಿಗೇ ಬಿತ್ತು. ನನ್ನ ಅಭಿಪ್ರಾಯ ಬೇರೆಯಾದುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಕುಡಿತದ ಪರವಾಗಿ ನಾನು ಒಂದಕ್ಷರವನ್ನೂ ಬರೆಯಲಾರೆ. ಸುಗ್ಗಿಯ ಕಾಲದಲ್ಲಿ ಗಂಗಾವತಿಯ ರಸ್ತೆಗಳ ತುಂಬ ನೆಲ್ಲು ಹೇರಿದ ಟ್ರ್ಯಾಕ್ಟರುಗಳು; ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಕುಷ್ಟಗಿಯ ಮೇಲೆ ಹಾಯುವ ೫೦ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಲಾರಿಗಳ ಸಾಲು ರಾತ್ರಿಯಿಡೀ ಕಡಿಯುವುದಿಲ್ಲ. ಇಂಥಲ್ಲಿ ಕುಡಿದು ಬಂದವನನ್ನು ಹಿಡಿಯುವ ಪೋಲೀಸರು ನಮಗೆಲ್ಲ ಉಪಕಾರವನ್ನೇ ಮಾಡುತ್ತಾರೆ. ಇರಲಿ, ಹಿಡಿದ ಮೇಲೇನು?

೧೯೮೮ರ ಮೋಟಾರು ವಾಹನ ಕಾಯ್ದೆಯ ೧೮೫ನೆಯ ಕಲಮು ‘ಕುಡಿದಿದ್ದನು’ ಎಂಬಷ್ಟಕ್ಕೇ ಶಿಕ್ಷೆ ಹೇಳುವುದಿಲ್ಲ. ೧೦೦ ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದುದು ಪರೀಕ್ಷೆಯಿಂದ ತಿಳಿಯಬೇಕು. ೨೦೨ನೆಯ ಕಲಮಿನಂತೆ, ಬಂಧಿಸಿದ ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆಯಾಗಬೇಕು. ಆಗದಿದ್ದರೆ ಅವನನ್ನು ಬಿಟ್ಟುಬಿಡಬೇಕು. ವಾಸನೆ ಬಂತು, ಕಣ್ಣು ಕೆಂಪಗಿತ್ತು ಎಂಬುದು ಅಳತೆಯಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟ ಲಾರಿ ಡ್ರೈವರನ ಕಣ್ಣು ಕುಡಿಯದೆಯೂ ಕೆಂಪಗೇ ಇರುತ್ತದೆ. ಇದನ್ನೆಲ್ಲ ಕೇಳುವವರಾರು? ಕೈಕಟ್ಟಿ ನಿಂತ ಆರೋಪಿಯೇ? ಅವನಿಗೆ ಕಲಮಿನ ಸಂಖ್ಯೆಯೂ ತಿಳಿಯದು.

ಹೆಲ್ಮೆಟಿಲ್ಲದ ದಂಡದಂತೆ ರಸ್ತೆಯಲ್ಲಿಯೇ ತೆತ್ತು ರಸೀದಿ ಪಡೆದು ಹೋಗುವ ಪ್ರಕರಣವೂ ಇದಲ್ಲ, ಕೋರ್ಟಿಗೇ ಹೋಗಬೇಕು. ೨೦೧೯ರ ತಿದ್ದುಪಡಿಯಿಂದ ಮೊದಲ ಸಲಕ್ಕೆ ೧೦,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕರೆ ದಂಡ ೧೫,೦೦೦. ಸೆರೆ ಎರಡು ವರ್ಷದವರೆಗೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಅಪರಾಧಿಯೆಂದು ತೀರ್ಮಾನವಾದರೆ ಲೈಸೆನ್ಸು ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಹೋಗುತ್ತದೆ. ಸ್ವಂತ ಕಾರಿನವನಿಗೆ ಅದೊಂದು ತೊಂದರೆ. ಬಾಡಿಗೆ ಗಾಡಿಯವನಿಗೆ ಅನ್ನವೇ ಹೋದಂತೆ.

ನನ್ನ ದೊಡ್ಡಪ್ಪನ ಮಗ ಟೆಂಪೋ ಓಡಿಸುವವನು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ; ನನ್ನ ಮೊದಲ ವರ್ಷದ ಫೀಜು ಕಟ್ಟಿದವನು ಆ ಅಣ್ಣ. ಮದುವೆಯೊಂದರಲ್ಲಿ ರಾತ್ರಿ ಕುಡಿದು, ನಸುಕಿನಲ್ಲಿಯೇ ಗಾಡಿ ಹತ್ತಿದ್ದನು, ಹಿಡಿದರು. “ತಪ್ಪಾತ್ರೀ ಅಂದುಬಿಡು, ದಂಡ ಕಟ್ಟಿ ಸಂಜಿ ಒಳಗ ಮನೀಗೆ ಹೋಗ್ತಿ” ಎಂದು ಕೋರ್ಟಿನ ಅಂಗಳದಲ್ಲಿ ಯಾವನೋ ಒಬ್ಬನು ಉಪದೇಶಿಸಿ ಚಹದ ಖರ್ಚಿಗೆಂದು ನೂರು ರೂಪಾಯಿ ಪಡೆದನು. ಅಣ್ಣನು ಹಾಗೆಯೇ ಅಂದನು. ದಂಡಕ್ಕಾಗಿ ಅತ್ತಿಗೆಯ ಬೆಂಡೋಲೆ ಒತ್ತೆ ಬಿದ್ದವು. ಲೈಸೆನ್ಸಿನ ಮಾತನ್ನು ಆ ಉಪದೇಶಕನು ಎತ್ತಿರಲೇ ಇಲ್ಲ! ಆರು ತಿಂಗಳು ಅಣ್ಣನು ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತನು. ಆತನು ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಯಂತ್ರವು ಎಷ್ಟು ತೋರಿಸಿತ್ತೆಂಬುದು ನಮ್ಮ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ, ಕೇಳಿದವರೇ ಇಲ್ಲ. ನನ್ನ ತಕರಾರು ಇಷ್ಟೇ.

ಒಬ್ಬ ವಕೀಲರಿದ್ದರೆ ಕಾಗದಪತ್ರಗಳನ್ನು ತರಿಸಿ ನೋಡುತ್ತಿದ್ದರು. ಪರೀಕ್ಷೆ ಸರಿಯಾಗಿದ್ದರೆ, “ಒಪ್ಪಿಕೋ, ಆದರೆ ಒಪ್ಪಿದರೆ ಇಂತಿಂಥದ್ದು ಆಗುತ್ತದೆ” ಎಂದು ಹೇಳಿ, ದಂಡದಲ್ಲಿಯೇ ಮುಗಿಯಲೆಂದು ನ್ಯಾಯಾಧೀಶರಲ್ಲಿ ಬಿನ್ನವಿಸುತ್ತಿದ್ದರು. ಇದರಲ್ಲಿ ಕುಡಿತಕ್ಕೆ ಪ್ರೋತ್ಸಾಹವೆಲ್ಲಿ ಬಂತು?

“ಫೀಜಿಗೆ ರೊಕ್ಕ?” ಎಂದು ಗೆಳೆಯನು ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. ಸಂವಿಧಾನದ ೨೨ನೆಯ ವಿಧಿ ಬಂಧಿತನಿಗೆ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ, ಹಣವನ್ನು ಕೊಟ್ಟಿಲ್ಲ. ಆ ಕೊರತೆಗಾಗಿಯೇ ೧೯೭೬ರಲ್ಲಿ ಉಚಿತ ಕಾನೂನು ನೆರವಿನ ೩೯-ಎ ವಿಧಿ ಸೇರಿತು. ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು, ಇವರೆಲ್ಲರಿಗೂ ಸರಕಾರದ ಖರ್ಚಿನಲ್ಲಿ ವಕೀಲರುಂಟು. ಆರೋಪಿಗೆ ಈ ಹಕ್ಕನ್ನು ನ್ಯಾಯಾಧೀಶರೇ ತಿಳಿಸಬೇಕೆಂದು ೧೯೮೬ರಲ್ಲಿ ಸುಖದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಿಳಿಸದೆ ಕೊಟ್ಟ ಶಿಕ್ಷೆಯನ್ನು ರದ್ದುಪಡಿಸಿತು. ಕೊಪ್ಪಳದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೋರ್ಟುಗಳಲ್ಲಿ ತಾಲೂಕು ಸಮಿತಿಗಳಿವೆ. ೧೫೧೦೦ ಎಂಬ ನಂಬರಿಗೆ ಫೋನು ಮಾಡಿದರೂ ಸಾಕು. ಚಹದ ಖರ್ಚು ಕೇಳುವವರಿಲ್ಲ.

ಈ ನಂಬರು ನನಗೆ ತಿಳಿದದ್ದು ಬಿ.ಎ. ಅಂತಿಮ ವರ್ಷದಲ್ಲಿ, ರಾಜ್ಯಶಾಸ್ತ್ರದ ತರಗತಿಯಲ್ಲಿ. ಟೆಂಪೋ ಓಡಿಸುವವನು ಆ ತರಗತಿಗೆ ಬರುವಂತಿಲ್ಲ. ಆದುದರಿಂದ ಈ ಸಲದ ಎನ್.ಎಸ್.ಎಸ್. ಶಿಬಿರದಲ್ಲಿ ರಸ್ತೆ ಗುಡಿಸುವ ಒಂದು ದಿನವನ್ನು ಉಳಿಸಿ, ಟೆಂಪೋ ಸ್ಟ್ಯಾಂಡಿನಲ್ಲಿ ಆ ನಂಬರನ್ನೂ ಎರಡು ಗಂಟೆಯ ನಿಯಮವನ್ನೂ ಬರೆದ ಒಂದು ಹಲಗೆ ನಿಲ್ಲಿಸೋಣವೆಂದು ಸೂಚಿಸಿದ್ದೇನೆ. ಬಣ್ಣ ಹಚ್ಚಲು ಕಿನ್ನಾಳದ ಗೆಳೆಯನೊಬ್ಬನು ಒಪ್ಪಿದ್ದಾನೆ, ಹಲಗೆಯೊಂದು ಸಿಗಬೇಕಾಗಿದೆ.